500 ರೂಪಾಯಿಗೆ ಕೀಬೋರ್ಡ್ ಸಿಗುವಾಗ ಮಂಗಳೂರಲ್ಲಿ ಕೂತು ದುಬಾರಿ ಮೆಕ್ಯಾನಿಕಲ್ ಕೀಬೋರ್ಡ್ ಮಾಡಿದರೆ ಯಾರು ತಗೊಳ್ತಾರೆ? ನಾವು ಇಬ್ಬರು ಗೆಳೆಯರು ಶುರು ಮಾಡಬೇಕೆಂದಿದ್ದೇವೆ, ಆಗಬಹುದಾ?

ಆಗಬಹುದು ಮಾರಾಯ್ರೆ. ನಾವು ನಾಲ್ಕು ಜನ ಇಲ್ಲೇ ಯೆಯ್ಯಾಡಿ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಅದನ್ನೇ ಮಾಡುತ್ತಿದ್ದೇವೆ. ದೊಡ್ಡ ದುಡ್ಡೇನೂ ಇಲ್ಲ, ಬಾಡಿಗೆ ಮತ್ತು ಸಂಬಳಕ್ಕೆ ತೊಂದರೆ ಇಲ್ಲ.

500 ರೂಪಾಯಿಯ ಕೀಬೋರ್ಡ್ ತಗೊಳ್ಳುವವರು ನಿಮ್ಮ ಗಿರಾಕಿಗಳೇ ಅಲ್ಲ. ನಿಮ್ಮ ಗಿರಾಕಿಯ ಮನೆಯಲ್ಲಿ ಆಗಲೇ ಮೂರು ನಾಲ್ಕು ಕೀಬೋರ್ಡ್ ಬಿದ್ದಿರುತ್ತವೆ. ಹೊರದೇಶದಿಂದ ಬರೀ ಬಿಡಿಭಾಗಗಳ ಕಿಟ್‌ಗೆ 25–40 ಸಾವಿರ ಕೊಟ್ಟು, ಮೇಲೆ ಕಸ್ಟಮ್ಸ್ ಸುಂಕವನ್ನೂ ಕಟ್ಟಿ, ತಿಂಗಳುಗಟ್ಟಲೆ ಕಾದು ಅಭ್ಯಾಸ ಇರುವವರು. ಬೆಲೆ ಬಗ್ಗೆ ಅವರು ಅಷ್ಟೇನೂ ಚೌಕಾಸಿ ಮಾಡುವುದಿಲ್ಲ. ಆದರೆ ಸ್ಪೇಸ್‌ಬಾರ್ ಸ್ವಲ್ಪ ಕಟಕಟ ಅಂದರೂ ಬಿಡುವುದಿಲ್ಲ, ವಿಡಿಯೊ ಮಾಡಿ ಕಳಿಸುತ್ತಾರೆ.

ಹಾಗಾಗಿ ಎಲ್ಲವನ್ನೂ ನೀವೇ ಮಾಡಲು ಹೋಗಬೇಡಿ. ಮುಖ್ಯವಾಗಿ ಸ್ವಿಚ್ ತಂಟೆಗೆ ಹೋಗಲೇಬೇಡಿ, ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೂ ಒಂದೊಂದು ಇರುತ್ತದಲ್ಲ, ಅದು. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನ ಅಳತೆಯೇ ಇವತ್ತಿಗೂ ನಡೆಯುತ್ತಿದೆ. ಸ್ವಿಚ್ ಕೂರುವ ಪ್ಲೇಟಿನಲ್ಲಿ 14 ಮಿಲಿಮೀಟರ್ ಚೌಕದ ತೂತು, ಒಂದು ಕೀಯ ನಡುವಿನಿಂದ ಇನ್ನೊಂದರ ನಡುವಿಗೆ 19.05 ಮಿಲಿಮೀಟರ್. ಅದರ ಪೇಟೆಂಟ್ ಮುಗಿದ ಮೇಲೆ ಚೀನಾದ ಗೇಟೆರಾನ್, ಕೈಲ್ ತರದವರು ಇದೇ ಅಳತೆಯಲ್ಲಿ ರಾಶಿ ರಾಶಿ ಸ್ವಿಚ್ ಬಿಟ್ಟಿದ್ದಾರೆ, ಕೆಲವು ಮೂಲಕ್ಕಿಂತಲೂ ನಯ. ಅವರ ಅಚ್ಚು, ಅವರ ಬೆಲೆ ಎರಡಕ್ಕೂ ನಾವು ಸಾಟಿ ಅಲ್ಲ. ಪಿಸಿಬಿ, ಅಂದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ಕೂಡ ಅಷ್ಟು ಕಷ್ಟವಲ್ಲ. ಪ್ರತಿ ಕೀಗೆ ಒಂದು ಡಯೋಡ್, ಒಂದು ಆರ್‌ಪಿ2040 ಚಿಪ್, ಆ ಚಿಪ್ ಓಡಿಸಲು ಕ್ಯೂಎಂಕೆ ಅಂತ ಒಂದು ಫರ್ಮ್‌ವೇರ್, ಆಯಿತು. ಒಂದು ಮಾತು ಮಾತ್ರ ನೆನಪಿಡಿ: ಕ್ಯೂಎಂಕೆ ಜಿಪಿಎಲ್ ಲೈಸೆನ್ಸಿನದ್ದು, ನೀವು ಬದಲಾಯಿಸಿ ಮಾರಿದರೆ ಆ ಕೋಡನ್ನು ಗಿರಾಕಿಗೂ ಕೊಡಬೇಕು. ಸುಮ್ನೆ ಮುಚ್ಚಿಟ್ಟುಕೊಂಡರೆ ಈ ಜನ ಒಂದೇ ದಿನದಲ್ಲಿ ಹಿಡಿಯುತ್ತಾರೆ.

ನಿಮ್ಮ ಕೈಚಳಕ ಕಾಣಬೇಕಾದದ್ದು ಎರಡೇ ಕಡೆ. ಒಂದು ಬಾಡಿ, ಅಂದರೆ ಹೊರಗಿನ ಪೆಟ್ಟಿಗೆ, ಇನ್ನೊಂದು ಉದ್ದದ ಕೀಗಳು.

ಬಾಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಲು ಅಚ್ಚು ಮಾಡಿಸಿದರೆ ಲಕ್ಷಗಟ್ಟಲೆ ಮೊದಲೇ ಹೋಗುತ್ತದೆ, ಕೆಲವು ನೂರು ಪೀಸಿಗೆ ಅದು ಗಿಟ್ಟುವುದಿಲ್ಲ. ಅದಕ್ಕೇ ಎಲ್ಲರೂ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನಿನಲ್ಲಿ ಅಲ್ಯೂಮಿನಿಯಂ ಕೊರೆಸುವುದು. ಗಟ್ಟಿ ತುಂಡಿನಲ್ಲಿ ಹೆಚ್ಚಿನ ಪಾಲು ಪುಡಿಯಾಗಿ ಹೋಗುತ್ತದೆ, ಮೆಷಿನ್ ಗಂಟೆಗಟ್ಟಲೆ ಓಡುತ್ತದೆ, ದುಡ್ಡು ಹೋಗುವುದು ಅಲ್ಲಿ. ನಾವು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸುತ್ತೇವೆ. ಪಂಪಿನ ಪಾರ್ಟ್, ಬೋಟಿನ ಪಾರ್ಟ್ ಮಾಡಿ ಪಳಗಿದ ಕೈ ಅವರದ್ದು. ಮೊದಲ ಸಲ ಡ್ರಾಯಿಂಗ್ ನೋಡಿ "ಇದೊಂದು ಪೆಟ್ಟಿಗೆ ಅಲ್ವಾ, ಇದಕ್ಕೆ ಎಂತಕ್ಕೆ ಇಷ್ಟೆಲ್ಲ ನಾಜೂಕು?" ಅಂತ ಕೇಳಿದ್ದರು. ಮೇಲಿನ ಭಾಗ ಮತ್ತು ಕೆಳಗಿನ ಭಾಗ ಸೇರುವ ಗೆರೆಯ ಮೇಲೆ ಉಗುರು ಎಳೆದು ತೋರಿಸಿದೆ, ಎಲ್ಲೂ ಸಿಕ್ಕಬಾರದು ಅಂತ. ಆಮೇಲೆ ಅವರೇ ಉಗುರು ಎಳೆದು ನೋಡಿ ಪಾಸ್ ಮಾಡಲು ಶುರು ಮಾಡಿದರು.

ಅಲ್ಯೂಮಿನಿಯಂಗೆ ಬಣ್ಣದ ಪದರ ಬರಿಸುವ ಆನೊಡೈಸಿಂಗನ್ನು ಪೇಂಟ್ ಅಂತ ತಿಳಿಯಬೇಡಿ. ಗೀರು ಇದ್ದರೆ ಅದು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಮೊದಲೇ ಸಣ್ಣ ಮಣಿಗಳನ್ನು ರಭಸದಿಂದ ಹೊಡೆಸಿ ಮೈ ಒಂದೇ ಸಮ ಮಾಡುವ ಬೀಡ್ ಬ್ಲಾಸ್ಟಿಂಗ್ ಮಾಡಿಸಿ. ಒಂದೇ ಕೀಬೋರ್ಡಿನ ಎರಡೂ ಭಾಗ ಒಂದೇ ತೊಟ್ಟಿಯಲ್ಲಿ, ಒಂದೇ ಸಲ ಅದ್ದಿಸಬೇಕು. ಇವತ್ತೊಂದು ನಾಳೆಯೊಂದು ಅಂತ ಅದ್ದಿದರೆ ಒಂದೇ ಕಪ್ಪು ಎರಡು ಕಪ್ಪಾಗುತ್ತದೆ. ಒಳಗೆ ಪ್ಲೇಟನ್ನು ಪೆಟ್ಟಿಗೆಗೆ ನೇರ ಸ್ಕ್ರೂ ಹಾಕಿ ಕೂರಿಸಬೇಡಿ. ಸುತ್ತ ಮೆತ್ತನೆ ಗ್ಯಾಸ್ಕೆಟ್ ಪಟ್ಟಿ ಇಟ್ಟು ಎರಡು ಭಾಗದ ನಡುವೆ ಹಿಡಿಸಿ. ಇಲ್ಲದಿದ್ದರೆ ಪ್ರತಿ ಕೀಯೂ ಖಾಲಿ ಡಬ್ಬ ಬಡಿದ ಹಾಗೆ ಕೇಳುತ್ತದೆ.

ಇನ್ನು ಉದ್ದದ ಕೀಗಳು: ಸ್ಪೇಸ್‌ಬಾರ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್. ಇವುಗಳ ಕೆಳಗೆ ಸ್ಟೆಬಿಲೈಸರ್ ಅಂತ ಒಂದು ಬಾಗಿಸಿದ ತಂತಿ ಇರುತ್ತದೆ, ಒಂದು ತುದಿ ಒತ್ತಿದರೆ ಇನ್ನೊಂದು ತುದಿಯೂ ಒಟ್ಟಿಗೆ ಇಳಿಯಲಿ ಅಂತ. ಕಟಕಟ ಸದ್ದು ಬರುವುದು ಇಲ್ಲಿಂದಲೇ. ತಂತಿಯನ್ನು ಗಾಜಿನ ಮೇಲೆ ಮಲಗಿಸಿ ನೋಡಿ. ಎರಡೂ ಕಾಲು ಗಾಜಿಗೆ ತಾಗದೆ ಒಂದು ಎದ್ದು ನಿಂತರೆ ಅದು ಸೊಟ್ಟ, ಕೈಯಲ್ಲೇ ನೇರ ಮಾಡಬೇಕು. ಆಮೇಲೆ ಗ್ರೀಸ್. ತಂತಿ ಪ್ಲಾಸ್ಟಿಕ್ಕಿಗೆ ತಾಗುವ ಜಾಗಕ್ಕೆ ಮಾತ್ರ, ಬ್ರಶ್ಶಿನಲ್ಲಿ, ತೆಳ್ಳಗೆ. ಜಾಸ್ತಿ ಆದರೆ ಕೀ ಅಂಟಿಕೊಂಡ ಹಾಗೆ ನಿಧಾನ ಏಳುತ್ತದೆ. ನಮ್ಮಲ್ಲಿ ಒಬ್ಬರಿಗೆ ಇದೇ ಕೆಲಸ. ಪ್ರತಿ ಸ್ಪೇಸ್‌ಬಾರನ್ನೂ ಎಡ ತುದಿ, ನಡು, ಬಲ ತುದಿ ಅಂತ ಒತ್ತಿ, ಮೂರೂ ಕಡೆ ಒಂದೇ ಸದ್ದು ಬಂದ ಮೇಲೆಯೇ ಪ್ಯಾಕ್ ಮಾಡುತ್ತಾರೆ. ಫ್ಯಾನ್ ಆಫ್ ಮಾಡಿ ಕೂರುತ್ತಾರೆ, ಏಪ್ರಿಲ್‌ನಲ್ಲೂ. ಪಾಪ.

ನಮ್ಮ ಊರಿನ ಹವೆಯ ಲೆಕ್ಕವೂ ಇಡಬೇಕು. ಭಾರಕ್ಕೆ, ಚಂದಕ್ಕೆ ಅಂತ ಕೆಳಗೆ ಹಿತ್ತಾಳೆ ತುಂಡು ಕೂರಿಸುವುದು ಈಗ ಫ್ಯಾಶನ್. ಮಳೆಗಾಲದ ಆಟಿ ತಿಂಗಳಲ್ಲಿ ಇಲ್ಲಿನ ಉಪ್ಪು ಗಾಳಿಗೆ ಅದರ ಮೇಲೆ ಬೆರಳಿನ ಗುರುತು ಹಾಗೇ ಕಪ್ಪು ಕಟ್ಟುತ್ತದೆ, ಮೂಲೆಯಲ್ಲಿ ಕಿಲುಬೂ ಹಿಡಿಯುತ್ತದೆ. ಲ್ಯಾಕರ್ ಹಾಕಿಸಿ, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ಪ್ಯಾಕೆಟ್ಟಿನಲ್ಲಿ ಸಿಲಿಕಾ ಜೆಲ್ ಮರೆಯಬೇಡಿ.

ನಮ್ಮ ಹತ್ತಿರ ಜನ ಕೇಳಿ ಕೇಳಿ ತಗೊಳ್ಳುವುದು ಕನ್ನಡ ಕೀಕ್ಯಾಪ್, ಅಂದರೆ ಕೀಗಳ ಮೇಲೆ ಕೂರುವ ಅಕ್ಷರದ ಟೊಪ್ಪಿ, ಬೆಂಗಳೂರಿನವರಂತೂ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ಇರುವ ಕೀಲಿ ವಿನ್ಯಾಸಕ್ಕೆ ಮೂಲ ಕೆ.ಪಿ. ರಾವ್ ಅವರದ್ದು, ಇಲ್ಲೇ ಕಿನ್ನಿಕಂಬಳದವರು. ಇಂಗ್ಲಿಷಿನ 26 ಅಕ್ಷರದ ಕೀಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ್ದಾರೆ: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ, ಒತ್ತಕ್ಷರ ಬೇಕಾದಲ್ಲೆಲ್ಲ ನಡುವೆ ಎಫ್. ಕನ್ನಡದಲ್ಲಿ ಒತ್ತಕ್ಷರಕ್ಕೇನು ಬರಗಾಲ, ಹಾಗಾಗಿ ಎಫ್ ಕೀಗೆ ಬೀಳುವ ಪೆಟ್ಟು ಜಾಸ್ತಿ. ಎಬಿಎಸ್ ಪ್ಲಾಸ್ಟಿಕ್ ಆದರೆ ಅದು ಬೇಗ ಸವೆದು ಮಿರಮಿರ ಮಿಂಚುತ್ತದೆ, ಆದ್ದರಿಂದ ಅಷ್ಟು ಬೇಗ ಸವೆಯದ ಪಿಬಿಟಿ ಪ್ಲಾಸ್ಟಿಕ್ ತಗೊಳ್ಳಿ. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಟ್ಟಿಗೆ ಅಚ್ಚು ಹೊಯ್ದು ಅಕ್ಷರ ಮೂಡಿಸುವ ಡಬಲ್‌ಶಾಟ್‌ಗೆ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಅಚ್ಚು ಬೇಕು, ನಮ್ಮಂಥವರಿಗೆ ಆಗುವ ಮಾತಲ್ಲ. ಬಿಸಿ ಮಾಡಿ ಬಣ್ಣವನ್ನು ಪ್ಲಾಸ್ಟಿಕ್ಕಿನ ಒಳಗೇ ಇಳಿಸುವ ಡೈ ಸಬ್ಲಿಮೇಶನ್ ಸಾಕು. ಅದರಲ್ಲಿ ತಿಳಿ ಕ್ಯಾಪಿನ ಮೇಲೆ ಗಾಢ ಅಕ್ಷರ ಮಾತ್ರ ಚೆನ್ನಾಗಿ ಬರುತ್ತದೆ.

ದುಡ್ಡಿನ ವಿಷಯ. ಈ ವ್ಯವಹಾರದಲ್ಲಿ ಗ್ರೂಪ್ ಬೈ ಅಂತ ಉಂಟು. ಎಲ್ಲರ ಹತ್ತಿರ ಮೊದಲೇ ಪೂರ್ತಿ ದುಡ್ಡು ತಗೊಂಡು, ಎಷ್ಟು ಆರ್ಡರ್ ಬಂತೋ ಅಷ್ಟೇ ಮಾಡಿಸುವುದು. ಹೊರದೇಶದಲ್ಲಿ ಹಾಗೆ ದುಡ್ಡು ತಗೊಂಡು ಬಾಗಿಲು ಹಾಕಿದ ಅಂಗಡಿಗಳಿವೆ, ಹಾಗಾಗಿ ಜನ ಹೆದರುತ್ತಾರೆ. ಬಾಡಿಯ ಕೊನೆಯ ಮಾದರಿ ನಿಮ್ಮ ಟೇಬಲ್ ಮೇಲೆ ಬರುವ ತನಕ ಯಾರ ದುಡ್ಡನ್ನೂ ಮುಟ್ಟಬೇಡಿ, ಆಮೇಲೆ ತಗೊಂಡರೂ ಬೇರೆ ಖಾತೆಯಲ್ಲಿಡಿ. ಮೊದಲ ಮಾಡೆಲ್ ವೈರಿನದ್ದೇ ಇರಲಿ. ಬ್ಲೂಟೂತ್ ಹಾಕಿದರೆ ರೇಡಿಯೊ ಒಪ್ಪಿಗೆ, ಬ್ಯಾಟರಿ ಅಂತ ಓಡಾಟ ಜಾಸ್ತಿ.

ವರ್ಕ್‌ಶಾಪಿನವರ ನಂಬರ್ ಬೇಕಿದ್ದರೆ ಮೆಸೇಜ್ ಹಾಕಿ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧ, ಬೋಟ್ ಎಲ್ಲ ರಿಪೇರಿಗೆ ಬರುವ ಸಮಯ, ಆಗ ಅವರು ಫೋನ್ ಎತ್ತುವುದೇ ಇಲ್ಲ. ಅದಕ್ಕೆ ಮುಂಚೆ ಹೋಗಿ.