ಚಂದ್ರನಿಂದ ಮುಂದಕ್ಕೆ ಹೋಗಲು ಇಷ್ಟು ತಡವೇಕೆ?

ಪ್ರಶ್ನೆ: ಮನುಷ್ಯ 1969ರಲ್ಲಿಯೇ ಚಂದ್ರನ ಮೇಲೆ ಇಳಿದ ಎಂದು ಪಾಠ ಹೇಳುವಾಗಲೆಲ್ಲ, ‘ಹಾಗಾದರೆ ಮಂಗಳಕ್ಕೆ ಇನ್ನೂ ಯಾಕೆ ಹೋಗಿಲ್ಲ?’ ಎಂದು ಮಕ್ಕಳು ಕೇಳುತ್ತಾರೆ. ಅವರಿಗೆ ಏನು ಹೇಳಲಿ?
— ವಿಜ್ಞಾನ ಶಿಕ್ಷಕಿ, ಹೊಸದುರ್ಗ

ಉತ್ತರ: 1972ರ ಡಿಸೆಂಬರ್‌ನಲ್ಲಿ ಯೂಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಚಂದ್ರನಿಂದ ಹೊರಟ ಮೇಲೆ ಆ ನೆಲವನ್ನು ಯಾರೂ ತುಳಿದಿಲ್ಲ. ಇದಕ್ಕೆ ಮೊದಲ ಕಾರಣ ಹಣ. ಸೋವಿಯತ್ ಒಕ್ಕೂಟದೊಂದಿಗಿನ ಪೈಪೋಟಿ ಬಿರುಸಾಗಿದ್ದ 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವೆಚ್ಚದಲ್ಲಿ ನಾಸಾದ ಪಾಲು ಶೇ 4ನ್ನು ಮೀರಿತ್ತು. ಈಗ ಅದು ಶೇ ಅರ್ಧಕ್ಕಿಂತ ಕಡಿಮೆ. ಪೈಪೋಟಿಯಲ್ಲಿ ಗೆದ್ದ ಮೇಲೆ ಖರ್ಚಿಗೆ ರಾಜಕೀಯ ಬೆಂಬಲ ಉಳಿಯಲಿಲ್ಲ, ಮನುಷ್ಯರನ್ನು ಚಂದ್ರನತ್ತ ಕಳಿಸಿದ ಅಪೊಲೊ ಸರಣಿಯ ಕೊನೆಯ ಮೂರು ಯಾನಗಳು ರದ್ದಾದವು. ಅಪೊಲೊದ ವೇಗವನ್ನು ವಾಡಿಕೆಯ ವೇಗವೆಂದು ಎಣಿಸಿದ್ದರಿಂದಲೇ ಅನಂತರದ್ದೆಲ್ಲ ನಿಧಾನವಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ಎರಡನೆಯ ಕಾರಣ ನಮ್ಮ ದೇಹ, ಮಕ್ಕಳಿಗೆ ಇದನ್ನೇ ಬಿಡಿಸಿ ಹೇಳಬೇಕು. ಚಂದ್ರಯಾತ್ರೆಯೆಂದರೆ ಬುತ್ತಿ ಕಟ್ಟಿಕೊಂಡು ಹೋಗಿ ಬಂದ ಪ್ರಯಾಣ. ಎಲ್ಲಕ್ಕಿಂತ ದೀರ್ಘವಾಗಿದ್ದ ಅಪೊಲೊ 17 ಕೂಡ ಹನ್ನೆರಡೂವರೆ ದಿನಗಳಲ್ಲಿ ಮುಗಿಯಿತು. ಮಂಗಳಕ್ಕಾದರೋ ಹೊರಡಲು ಅನುಕೂಲವಾದ ಕಾಲ ಸುಮಾರು 26 ತಿಂಗಳಿಗೊಮ್ಮೆ ಬರುತ್ತದೆ, ಹೋಗಿ, ತಂಗಿ, ಮರಳಲು ಎರಡೂವರೆಯಿಂದ ಮೂರು ವರ್ಷ ಬೇಕು. ಅಷ್ಟು ದಿನಗಳ ಗಾಳಿ, ನೀರು, ಅನ್ನವನ್ನು ಇಲ್ಲಿಂದಲೇ ಹೊತ್ತೊಯ್ಯುವುದು ಕಷ್ಟ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟ, ತೊಡೆಗಳಂಥ ಭಾರ ಹೊರುವ ಮೂಳೆಗಳು ವ್ಯಾಯಾಮವಿಲ್ಲದಿದ್ದರೆ ತಿಂಗಳಿಗೆ ಶೇ 1ರಷ್ಟು ಸವೆಯುತ್ತವೆ. ಭೂಮಿಯ ಕಾಂತಕ್ಷೇತ್ರದ ಆಸರೆಯಿಂದ ಹೊರಬಿದ್ದವರಿಗೆ ವಿಕಿರಣದ ಅಪಾಯವೂ ಇದೆ.

ಆದ್ದರಿಂದ ದೂರವನ್ನು ಬಿಟ್ಟು ದಿನಗಳನ್ನು ಎಣಿಸಿ ನೋಡಿ. ರಷ್ಯಾದ ಗಗನಯಾತ್ರಿ ವಲೇರಿ ಪೊಲ್ಯಾಕೋವ್ 1994–95ರಲ್ಲಿ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಒಂದೇ ಯಾನದಲ್ಲಿ 437 ದಿನಗಳನ್ನು ಕಳೆದರು. 2000ದ ನವೆಂಬರ್ 2ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಒಂದು ದಿನವೂ ಖಾಲಿ ಬಿದ್ದಿಲ್ಲ. ಅಲ್ಲಿ ಬೆವರು, ಮೂತ್ರಗಳನ್ನು ಶುದ್ಧೀಕರಿಸಿ ಶೇ 98ರಷ್ಟು ನೀರನ್ನು ಮರಳಿ ಪಡೆಯುವುದು 2023ರಲ್ಲಿ ಸಾಧ್ಯವಾಯಿತು. ಮಂಗಳದಲ್ಲಿ ನಾಸಾದ ಪರ್ಸೀವರೆನ್ಸ್ ರೋವರ್ ಹೊತ್ತೊಯ್ದ ಮಾಕ್ಸಿ ಎಂಬ ಸಣ್ಣ ಉಪಕರಣ ಅಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ಹದಿನಾರು ಬಾರಿ ಆಮ್ಲಜನಕ ತಯಾರಿಸಿತು. ಒಟ್ಟು ಸಿಕ್ಕಿದ್ದು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ 800 ಗ್ರಾಂಗಿಂತ ಹೆಚ್ಚು ಬೇಕು. ಈ ಎರಡು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ, ಆಗಿರುವ ಕೆಲಸವೂ ಉಳಿದಿರುವ ಕೆಲಸವೂ ಮಕ್ಕಳಿಗೆ ಒಟ್ಟಿಗೇ ಕಾಣುತ್ತದೆ.

ಪ್ರಶ್ನೆ: ಚಂದ್ರಯಾನ-3ರಂತೆ ಯಂತ್ರಗಳೇ ಇಳಿಯಬಲ್ಲವಾದರೆ, 2022ಕ್ಕೆ ಗುರಿಯಿಟ್ಟು ಮುಂದೆ ಮುಂದೆ ಹೋದ, ಮನುಷ್ಯರನ್ನು ಕಳಿಸುವ ಗಗನಯಾನ ನಮಗೆ ಬೇಕೆ?
— ಓದುಗರೊಬ್ಬರು, ಗದಗ

ಉತ್ತರ: ಬೇಕು ಎಂದೇ ನನ್ನ ಅಭಿಪ್ರಾಯ, ಆದರೆ ಅವಸರ ಬೇಡ. ಅಮೆರಿಕದ ಬಾಹ್ಯಾಕಾಶ ನೌಕೆಗಳಾದ ಚಾಲೆಂಜರ್ ಮತ್ತು ಕೊಲಂಬಿಯಾಗಳ ದುರಂತಗಳು ಹದಿನಾಲ್ಕು ಜೀವಗಳನ್ನು ಕೊಂಡೊಯ್ದವು. ಎರಡರಲ್ಲೂ ಅಪಾಯದ ಸೂಚನೆ ಮೊದಲೇ ಇತ್ತು. ಏರುವಾಗ ರಾಕೆಟ್ ಕೈಕೊಟ್ಟರೆ ಯಾತ್ರಿಗಳನ್ನು ಎಳೆದು ಪಾರುಮಾಡುವ ವ್ಯವಸ್ಥೆಯನ್ನು ಇಸ್ರೊ 2023ರ ಅಕ್ಟೋಬರ್ 21ರಂದು ಹಾರಿಸಿ ಪರೀಕ್ಷಿಸಿತು. ಅಂಥ ಪರೀಕ್ಷೆಗಳಿಗೆ ಹಿಡಿದ ವರ್ಷಗಳನ್ನು ನಾನು ವ್ಯರ್ಥವೆಂದು ಲೆಕ್ಕಕ್ಕೆ ಹಿಡಿಯಲಾರೆ. 2035ಕ್ಕೆ ಸ್ವಂತ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು ಎಂಬ ಗುರಿಗಳೂ ಈ ತಾಳ್ಮೆಯನ್ನೇ ನೆಚ್ಚಿವೆ.

ಜನರನ್ನು ಕಳಿಸಿದಾಗ ಯಂತ್ರಗಳಿಂದ ಎದ್ದೇಳದ ಪ್ರಶ್ನೆಗಳು ಏಳುತ್ತವೆ, ಅಲ್ಲಿ ಏನು ತಿನ್ನಬೇಕು ಎಂಬುದೂ ಅವುಗಳಲ್ಲೊಂದು. 2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಸಂಶೋಧಕರು ರೂಪಿಸಿದ ಪ್ರಯೋಗವೂ ಜೊತೆಗೆ ಹೋಗಿತ್ತು. ಅಲ್ಲಿ ಶುಕ್ಲಾ ಮೊಳಕೆ ಬರಿಸಿದ್ದು ನಮ್ಮ ಹೆಸರುಕಾಳು ಮತ್ತು ಮೆಂತ್ಯವನ್ನು.