ಐದು ಎಣಿಸುವಷ್ಟು ಹೊತ್ತು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನಿಗೆ 2 ವರ್ಷ 3 ತಿಂಗಳು. ಅಮ್ಮ, ಹಾಲು, ಬೌ ಬೌ, ಬೇಡ. ಬರುತ್ತಿದ್ದದ್ದು ಈ ನಾಲ್ಕೇ ಮಾತು. ಬಿಎಸ್ಸಿ ಓದಿದ ತಾಯಿ, ಜೊತೆಗೆ ಅಜ್ಜಿ ಅವನನ್ನು ನನಗೆ ತೋರಿಸಲು ಶಿವಮೊಗ್ಗಕ್ಕೆ ಬಂದಿದ್ದರು.

"ಇವನಪ್ಪನಿಗೂ ಮಾತು ಬಂದಿದ್ದು ಮೂರು ವರ್ಷಕ್ಕೆ. ಇವಳು ಸುಮ್ನೆ ಹೆದರ್ತಾಳೆ" ಅಂದರು ಅಜ್ಜಿ.

"ಅತ್ತೆ ಮೂರು ತಿಂಗಳಿಗೇ ಜೇನಲ್ಲಿ ಬಜೆ ತೇಯ್ದು ನೆಕ್ಕಿಸಿದ್ರು ಮೇಡಂ. ಅದರಿಂದ ಏನಾದ್ರೂ..."

ಮಾತು ತಡವಾಗಿದ್ದಕ್ಕೂ ಬಜೆಗೂ ಗಂಟು ಹಾಕಬೇಡಿ ಅಂದೆ. ಆದರೆ ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅಪರೂಪಕ್ಕೆ ಅದರಿಂದ ಜೀವಕ್ಕೇ ಕುತ್ತು ತರುವ ಕಾಯಿಲೆ ಬರುತ್ತದೆ.

ಒಂದು ದಿನ ಹೇಗೆ ಕಳೆಯುತ್ತದೆ ಅಂತ ಕೇಳಿದೆ. ಅಡಿಕೆ ಸುಲಿಯುವ ಕಾಲ. ಸಂಜೆಯಾದರೆ ಎಲ್ಲರೂ ಮೆಟ್ಟುಕತ್ತಿ ಮುಂದೆ. ಮಗು ಹತ್ತಿರ ಬರಬಾರದು, ಹಾಗಾಗಿ ಕೈಗೆ ಫೋನು. ಮೂರು ನಾಲ್ಕು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದ್ದು ತಾಯಿಗೆ ಗೊತ್ತಿತ್ತು: ಈ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೇದು. "ಆದ್ರೆ ಅದು ಕಾರ್ಟೂನಿಗೆ. ನಾವು ಹಾಕೋದು ಎಬಿಸಿಡಿ, ಅದು ಕಲಿಕೆ ಅಲ್ವಾ?"

ನಾನು ಫೋನಿನ ಮೇಲೆ ಭಾಷಣ ಶುರು ಮಾಡುವುದರಲ್ಲಿದ್ದೆ. ಅಷ್ಟರಲ್ಲಿ ಸ್ನಾನದ ವಿಷಯ ಬಂತು. "ನಾನೇ ಮೀಸೋದು. ಕಿವಿ ಎಲ್ಲಿ, ಬೆನ್ನೆಲ್ಲಿ, ನೀರು ಬಿಸಿನಾ ಅಂತ ಮಾತಾಡಿಸ್ತೀನಿ" ಅಂದರು ಅಜ್ಜಿ. ಇಡೀ ದಿನದಲ್ಲಿ ಅವನ ಮುಖ ನೋಡಿ ಯಾರಾದರೂ ಮಾತಾಡುತ್ತಿದ್ದದ್ದು ಬಚ್ಚಲಲ್ಲಿ ಮಾತ್ರ! ಅದನ್ನು ಕಲಿಸುವುದು ಅಂತ ಮನೆಯಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ, ಅಜ್ಜಿ ಕೂಡ. ಒಂದೇ ತೊಂದರೆ, ಪ್ರಶ್ನೆಯೂ ಅವರದ್ದೇ, ಉತ್ತರವೂ ಅವರದ್ದೇ.

ಹುಡುಗ ಹೆಸರು ಕರೆದರೆ ತಿರುಗುತ್ತಿದ್ದ, ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದ. ಅದು ಸಮಾಧಾನದ ವಿಷಯ. ಆದರೂ 2 ವರ್ಷಕ್ಕೆ ಎರಡು ಪದ ಜೋಡಿಸಬೇಕು. ಅಪ್ಪನ ಕಥೆ ನಂಬಿ ಕಾಯುವ ಹಾಗಿಲ್ಲ. ಮೊದಲು ಕಿವಿ ಪರೀಕ್ಷೆ ಅಂದೆ. ಫೋನಿನ ಸದ್ದಿಗೆ ಓಡಿ ಬರುತ್ತಾನೆ ಅಂದ ಮಾತ್ರಕ್ಕೆ ಎಲ್ಲ ಸದ್ದೂ ಕೇಳುತ್ತದೆ ಅಂತಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಉಚಿತ, ಅಂಗನವಾಡಿಯಲ್ಲಿ ವಿಚಾರಿಸಿ ಅಂದೆ.

ಮನೆಗೆ ಹೇಳಿದ್ದು ಸ್ವಲ್ಪವೇ. ಕೇಳಿದ ಮೇಲೆ ಮನಸ್ಸಲ್ಲೇ ಐದು ಎಣಿಸಿ. ಅವನು "ಹಾಲು" ಅಂದರೆ ನೀವು "ಬಿಸಿ ಹಾಲು" ಅನ್ನಿ. ಸುಲಿಯುವಾಗ ಸರದಿ ಮೇಲೆ ಒಬ್ಬರು ಎದ್ದು ಅವನ ಜೊತೆ ಇರಿ. ಆಡಲು ಅಡಿಕೆ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಅಡಿಕೆ ಹಾಳೆ ಇದೆಯಲ್ಲ, ಅದರ ಮೇಲೆ ಕೂರಿಸಿ ಅಪ್ಪ ಅಂಗಳದಲ್ಲಿ ಎಳೆಯಲಿ. ನಡುವೆ ನಿಲ್ಲಿಸಿ, ಅವನೇನು ಹೇಳ್ತಾನೆ ಅಂತ ಕಾಯಲಿ.

ಮೂರು ತಿಂಗಳ ಮೇಲೆ ಬಂದರು. ಕಿವಿ ಸರಿಯಿದೆ. ಮೂವತ್ತರ ಹತ್ತಿರ ಪದ, ಜೊತೆಗೆ "ಅಪ್ಪ ಎಳಿ". ವಯಸ್ಸಿಗೆ ಇನ್ನೂ ಕಡಿಮೆಯೇ, ಸ್ಪೀಚ್ ಥೆರಪಿ ನಡೆದಿದೆ. ಎಬಿಸಿಡಿ ಮರೆತುಬಿಟ್ಟ ಅಂತ ತಾಯಿಗೆ ಒಳಗೊಳಗೇ ಬೇಜಾರು. ಅಜ್ಜಿಯ ದೂರು ಬೇರೆ: "ನೀವು ಹೇಳ್ದಂಗೆ ಐದು ಎಣಿಸ್ತಾ ಕೂತ್ರೆ ಮೀಯೋ ನೀರು ಆರಿ ಹೋಗುತ್ತೆ ಮಾರಾಯ್ತಿ."