ಪಂಚಾಯತಿ ಹತ್ತಿರ ಬಂತು, ಜನ ದೂರ ಹೋದರು

ಪಂಚಾಯತಿಗಳಿಗೆ ಅಧಿಕಾರ ಸಿಕ್ಕ ಮೇಲೆ ನಿಮ್ಮ ಕಡೆ ವಲಸೆ ನಿಂತಿತೇ ಎಂದು ಕೇಳಿದ್ದೀರಿ. ಕೂಲಿಗಾಗಿ ಊರು ಬಿಡುತ್ತಿದ್ದವರಲ್ಲಿ ಕೆಲವರು ಉಳಿದರು, ಮಕ್ಕಳ ಓದಿಗಾಗಿ ಹೊರಟವರನ್ನು ಮಾತ್ರ ಯಾವ ಪಂಚಾಯತಿಯೂ ತಡೆಯಲಾಗಲಿಲ್ಲ ಎಂಬುದು ಕಾರವಾರದಲ್ಲಿರುವ ನನ್ನ ಉತ್ತರ.

1993ರ ಪಂಚಾಯತ್ ರಾಜ್ ಕಾಯ್ದೆ ಐದರಿಂದ ಏಳು ಸಾವಿರ ಜನರಿಗೊಂದು ಗ್ರಾಮ ಪಂಚಾಯತಿ ಎಂದು ನಿಗದಿ ಮಾಡಿದರೂ ಉತ್ತರ ಕನ್ನಡದಂಥ ಜಿಲ್ಲೆಗಳಿಗೆ 2,500 ಜನಸಂಖ್ಯೆಯೇ ಸಾಕೆಂದು ಸಡಿಲಿಕೆ ಕೊಟ್ಟಿತು. ಇದು ನೆಲವನ್ನು ಅರಿತವರ ನಿರ್ಧಾರ. ಶಿರಸಿಯ ಹಳ್ಳಿಯವರು ಜಿಲ್ಲಾ ಕಚೇರಿಗೆ ಬರಬೇಕೆಂದರೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಬೇಕು. ಅಂಥವರಿಗೆ ಮನೆಯ ದಾಖಲೆಯೂ ನೀರಿನ ದೂರೂ ಊರಿನಲ್ಲೇ ಬಗೆಹರಿಯುವುದು ದೊಡ್ಡ ಅನುಕೂಲ. ಉದ್ಯೋಗ ಖಾತ್ರಿಯಲ್ಲಿ ತೋಟದ ಬಸಿಗಾಲುವೆ, ಇಂಗುಗುಂಡಿಗಳ ಕೆಲಸ ಸಿಕ್ಕಿದ್ದರಿಂದ ಬೇಸಿಗೆಯಲ್ಲಿ ಊರು ಬಿಡದೆ ಉಳಿದ ಮನೆಗಳೂ ಇವೆ.

ಆದರೆ ಒಂದು ಕಾಲುಸಂಕದ ಸುತ್ತ ನಡೆಯುವುದನ್ನು ನೋಡಿ. ಘಟ್ಟದ ಮೇಲಿನ ಕೇರಿಗಳಲ್ಲಿ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರ ಜೋಡಿಸಿ, ಹಿಡಿದುಕೊಳ್ಳಲು ಬಿದಿರು ಕಟ್ಟಿ ಸಂಕ ಮಾಡುತ್ತಾರೆ. ಆಷಾಢದ ಮಳೆಗೆ ಅದು ಕೊಚ್ಚಿಹೋದರೆ ಮಕ್ಕಳ ಶಾಲೆ ತಪ್ಪುತ್ತದೆ. ಸಿಮೆಂಟಿನ ಸಂಕ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಆಗುತ್ತದೆ, ಹಣ ಮಾತ್ರ ಬರುವುದಿಲ್ಲ. ಒಂದೆರಡು ಮಳೆಗಾಲ ಕಾದು ತಾಯಿ ಮಕ್ಕಳನ್ನು ಕರೆದುಕೊಂಡು ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆ, ಮುಂದೆ ಆ ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ, ತೋಟದಲ್ಲಿ ಅಜ್ಜ-ಅಜ್ಜಿ ಇಬ್ಬರೇ ಉಳಿಯುತ್ತಾರೆ. ಅನುದಾನದ ಲೆಕ್ಕವೂ ಇಂಥ ಊರಿನ ಪರ ಇಲ್ಲ. 15ನೇ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಹಣವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟಿತು. ಅದೇ ನೋಟ ಕೆಳಗಿನವರೆಗೂ ಬಂದರೆ, ಜನ ಕಡಿಮೆಯಾದಷ್ಟೂ ಹಣ ಕಡಿಮೆಯಾಗುತ್ತದೆ, ಹಳ್ಳಗಳ ಸಂಖ್ಯೆ ಮಾತ್ರ ಇದ್ದಷ್ಟೇ ಇರುತ್ತದೆ. ಇದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಕರಾವಳಿಯ ಕಥೆ ಬೇರೆ. ಸದಾಶಿವಗಡ, ಮಾಜಾಳಿಯ ಯುವಕರು ಬೆಳಿಗ್ಗೆ ಪೋಳೆ ಗಡಿ ದಾಟಿ ಗೋವಾದಲ್ಲಿ ದುಡಿದು ರಾತ್ರಿ ಮನೆಗೆ ಬರುತ್ತಾರೆ. ಇವರ ಮತ ಇಲ್ಲಿ, ದುಡಿಮೆ ಅಲ್ಲಿ. ಗೋವಾದ ಸರ್ಕಾರಿ ನೌಕರಿಗೆ 15 ವರ್ಷಗಳ ವಾಸದ ದಾಖಲೆ ಬೇಕಾಗುವುದರಿಂದ ಹೆಚ್ಚಿನವರಿಗೆ ಸಿಗುವುದು ಖಾಸಗಿ ಕೆಲಸವೇ. 2020ರಲ್ಲಿ ಗಡಿ ಮುಚ್ಚಿದಾಗ ಇವರ ದುಡಿಮೆ ನಿಂತಿತು, ಪರಿಹರಿಸುವ ಅಧಿಕಾರ ಎರಡೂ ಕಡೆಯ ಪಂಚಾಯತಿಗಳಿಗೆ ಇರಲಿಲ್ಲ.

ಇನ್ನು ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಉಸ್ತುವಾರಿ ಇರುವುದು ಜಿಲ್ಲಾ ಪಂಚಾಯತಿಯ ಕೈಯಲ್ಲಿ. 2016ರಲ್ಲಿ ಆರಿಸಿದ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಮ್ಮೂರ ಶಾಲೆಗೆ ಶಿಕ್ಷಕರಿಲ್ಲವೆಂದು ಹೇಳಿಕೊಳ್ಳಲು ಆ ವರ್ಷಗಳಲ್ಲಿ ಅಧಿಕಾರಿಗಳಿದ್ದರು, ನಾವು ಆರಿಸಿದವರು ಇರಲಿಲ್ಲ.